ದಿಣ್ಣೆ ಮೇಲಕ್ಕೆ ನೀರು ತಂದ ಕಾಲುವೆ

ನೊರೂಜ್‌ನಲ್ಲಿ ನೋಡೋಕೆ ದೊಡ್ಡದೇನೂ ಇಲ್ಲ. ಸಾಲು ಮರಗಳು, ಒಂದು ಕಲ್ಲುಕಂಬ, ಪಕ್ಕದಲ್ಲಿ ಪುಟ್ಟ ನಾಲೆ. ಆದರೆ ದಕ್ಷಿಣ ಫ್ರಾನ್ಸಿನ ಕನಾಲ್ ದ್ಯು ಮಿದಿ ಕಾಲುವೆಯ ಜೀವ ಇರುವುದು ಇಲ್ಲೇ. 240 ಕಿಲೋಮೀಟರ್ ಉದ್ದದ ಕಾಲುವೆಗೆ ಇದೇ ನೆತ್ತಿ, ಸಮುದ್ರಮಟ್ಟದಿಂದ 189 ಮೀಟರ್ ಎತ್ತರ. ಇಲ್ಲಿಂದ ಒಂದು ಪಾಲು ನೀರು ತುಲೂಸ್ ಕಡೆಗೆ ಇಳಿಯುತ್ತದೆ, ಇನ್ನೊಂದು ಮೆಡಿಟರೇನಿಯನ್ ಸಮುದ್ರದ ಕಡೆಗೆ.

ನಾನು ಕೆರೆ ಇರುವ ಊರಿನವನು. ಕಾಲುವೆ ಅಂದರೆ ನೀರು ಮೇಲಿಂದ ಕೆಳಕ್ಕೆ ಹರಿಯೋದು, ಅಷ್ಟೇ ನನಗೆ ಗೊತ್ತಿದ್ದದ್ದು. ದೋಣಿ ದಿಣ್ಣೆ ಹತ್ತಿ ಆಚೆ ಪಕ್ಕಕ್ಕೆ ಇಳಿಯಬೇಕು ಅಂದರೆ ದಿಣ್ಣೆಯ ಮೇಲೆಯೇ ವರ್ಷವಿಡೀ ನೀರಿರಬೇಕಲ್ವಾ? ದೋಣಿಗಳು ಓಡಾಡಿದಷ್ಟೂ ಆ ನೀರು ಎರಡೂ ಕಡೆಗೆ ಖರ್ಚಾಗುತ್ತದೆ. ಇದಕ್ಕೆ ದಾರಿ ಕಂಡುಕೊಂಡದ್ದು ಪಿಯೆರ್ ಪಾಲ್ ರಿಕೆ. ಆತ ಎಂಜಿನಿಯರ್ ಅಲ್ಲ, ಉಪ್ಪಿನ ತೆರಿಗೆ ವಸೂಲಿ ಮಾಡುತ್ತಿದ್ದವನು. ಬೆಟ್ಟದ ಹಳ್ಳಗಳನ್ನು ತಿರುಗಿಸಿ, ಸೇಂಟ್ ಫೆರಿಯೊಲ್‌ನಲ್ಲಿ ಏರಿ ಕಟ್ಟಿಸಿ, ನಾಲೆ ತೋಡಿಸಿ ನೀರನ್ನು ಇಲ್ಲಿಗೆ ತಂದ. 1666ರಲ್ಲಿ ಶುರುವಾದ ಕೆಲಸ. ಒಂದು ಹಂತದಲ್ಲಿ ಸುಮಾರು 12,000 ಜನ ದುಡಿಯುತ್ತಿದ್ದರು, ಹೆಂಗಸರೂ ಸೇರಿ. ಸ್ವಂತ ದುಡ್ಡನ್ನೂ ಸುರಿದ ರಿಕೆ 1680ರಲ್ಲಿ ತೀರಿಕೊಂಡ. ಕಾಲುವೆ ತೆರೆದದ್ದು ಮಾರನೇ ವರ್ಷ. ಆ ಕಲ್ಲುಕಂಬ ಅವನ ನೆನಪಿಗೆ ನಿಲ್ಲಿಸಿದ್ದು. ಅದರ ಬುಡದಲ್ಲಿ ಸುಮಾರು ಹೊತ್ತು ಸುಮ್ನೆ ಕೂತಿದ್ದೆ.

ನೊರೂಜ್‌ಗೆ ಹೋಗಿದ್ದು ಸೈಕಲ್ಲಿನಲ್ಲಿ. ಬಾರ್ಜ್ ಬಾಡಿಗೆಗೆ ಸಿಕ್ಕಿದ್ದು ಈಚೆಯ ಕಾಸ್ತೆಲ್ನೊದರಿ ಊರಲ್ಲಿ. ಮಲಗೋಕೆ ಎರಡು ರೂಮು, ಒಂದು ಚಿಕ್ಕ ಅಡುಗೆಮನೆ. ಇಂಥ ದೋಣಿ ನಡೆಸೋಕೆ ಲೈಸೆನ್ಸ್ ಬೇಕಿಲ್ಲ, ಹೊರಡುವ ಮುಂಚೆ ಹೇಳಿಕೊಡುತ್ತಾರೆ. ಗಂಟೆಗೆ 8 ಕಿಲೋಮೀಟರ್ ಮೀರುವ ಹಾಗಿಲ್ಲ. ದಡದ ಮೇಲೆ ಓಡುವವರೂ ನಮ್ಮನ್ನು ಹಿಂದೆ ಹಾಕುತ್ತಿದ್ದರು. ಆ ನಿಧಾನ ನನಗೆ ಬಹಳ ಹಿಡಿಸಿತು.

ಊರು ಬಿಡುತ್ತಿದ್ದ ಹಾಗೆ ಸೇಂಟ್ ರೋಕ್ ಲಾಕ್. ಲಾಕ್ ಅಂದರೆ ನೀರು ತುಂಬಿಸಿ ಇಲ್ಲವೇ ಬಿಟ್ಟು ದೋಣಿಯನ್ನು ಏರಿಸುವ, ಇಳಿಸುವ ಗೇಟಿನ ತೊಟ್ಟಿ. ಇಲ್ಲಿ ಮೆಟ್ಟಿಲಿನ ಹಾಗೆ ಒಂದರ ಕೆಳಗೊಂದು ನಾಲ್ಕು ನೀರಿನ ತೊಟ್ಟಿಗಳು, ಒಟ್ಟು 9 ಮೀಟರಿನಷ್ಟು ಇಳಿಯಬೇಕು. ದೋಣಿ ಒಳಗೆ ಹೋಯಿತು, ಹಿಂದಿನ ಗೇಟು ಮುಚ್ಚಿತು, ಮುಂದಿನ ಗೇಟಿನ ತೂಬು ತೆರೆಯಿತು. ದಡದ ಗೂಟಕ್ಕೆ ಹಗ್ಗ ಒಂದು ಸುತ್ತು ಹಾಕಿ ತುದಿಯನ್ನು ಕೈಯಲ್ಲಿ ಹಿಡಿದುಕೊಂಡಿರಬೇಕು. ಗಂಟು ಹಾಕಿದರೆ ನೀರು ಇಳಿದಾಗ ದೋಣಿ ಹಗ್ಗಕ್ಕೆ ನೇತುಬೀಳುತ್ತದೆ. ನಾನು ಬಿಗಿಯಾಗಿ ಹಿಡಿದಿದ್ದೆ. "ರೀ, ಹಗ್ಗ ಬಿಡ್ತಾ ಬನ್ನಿ!" ಅಂತ ಹೆಂಡತಿ ಹಿಂದಿನಿಂದ ಕೂಗಿದಳು. ಒದ್ದೆ ಹಗ್ಗ ಅಂಗೈ ಉಜ್ಜುತ್ತಾ ಜಾರಿತು. ಎದೆಮಟ್ಟಕ್ಕಿದ್ದ ದಡ ತಲೆಯ ಮೇಲಕ್ಕೆ ಹೋಯಿತು. ಈಗ ಎದುರಿಗೆ ಪಾಚಿ ಹಿಡಿದ ಕಲ್ಲುಗೋಡೆ, ಸಂದುಗಳಿಂದ ತೊಟ್ಟಿಕ್ಕುವ ನೀರು, ಕೆರೆ ಬತ್ತಿದಾಗ ಬರುವಂಥದೇ ಕೆಸರಿನ ವಾಸನೆ.

ಗೋಡೆ ನೆಟ್ಟಗಿಲ್ಲ, ನಡುವೆ ಹೊರಕ್ಕೆ ಬಾಗಿದೆ. ಮೊದಲು ನೇರವಾಗಿ ಕಟ್ಟಿದ್ದ ಗೋಡೆ ಮಣ್ಣಿನ ಭಾರಕ್ಕೆ ಕುಸಿದಿತ್ತು. ಆಮೇಲೆ ಕಮಾನನ್ನು ನೆಲಕ್ಕೆ ಮಲಗಿಸಿದ ಹಾಗೆ ಬಾಗಿಸಿ ಕಟ್ಟಿದರು. ಮಣ್ಣು ತಳ್ಳಿದಷ್ಟೂ ಕಲ್ಲುಗಳು ಒಂದಕ್ಕೊಂದು ಬಿಗಿಯಾಗುತ್ತವೆ. ಮುನ್ನೂರು ವರ್ಷ ದಾಟಿದ ಕೆಲಸ. ಮುಟ್ಟಿ ನೋಡಿದೆ, ತಣ್ಣಗಿತ್ತು.

ಅಲ್ಲಿಂದ ಬ್ರಾಂ ಕಡೆಗೆ ಗೋಧಿ ಹೊಲಗಳು, ಒಂದೊಂದು ಕಮಾನು ಸೇತುವೆ. ಮಧ್ಯಾಹ್ನ ಲಾಕ್‌ನವರು ಊಟಕ್ಕೆ ಹೋಗುತ್ತಾರೆ, ನಾವೂ ಅಷ್ಟು ಹೊತ್ತು ನಿಂತು ಚಿತ್ರಾನ್ನ ತಿಂದೆವು.

ಸಂಕಟ ಆಗಿದ್ದು ಮರಗಳನ್ನು ನೋಡಿ. ಕಾಶ್ಮೀರದ ಚಿನಾರ್ ಜಾತಿಗೆ ಸೇರಿದ ಪ್ಲೇನ್ ಮರಗಳು ಎರಡೂ ದಡದಿಂದ ಚಪ್ಪರ ಹಾಕಿರುತ್ತವೆ, ಬೇರುಗಳು ದಡವನ್ನು ಹಿಡಿದಿರುತ್ತವೆ. 2006ರಲ್ಲಿ ಇಲ್ಲಿ ಒಂದು ಶಿಲೀಂಧ್ರ ರೋಗ ಕಾಣಿಸಿಕೊಂಡಿತು. ಮದ್ದಿಲ್ಲ, ತಗುಲಿದ ಮರವನ್ನು ಕಡಿದು ಸುಡಬೇಕು. ಹೀಗೆ ಸಾವಿರಾರು ಮರ ಹೋದವು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಮದ್ದುಗುಂಡು ತಂದ ಮರದ ಪೆಟ್ಟಿಗೆಗಳ ಜೊತೆ ಫ್ರಾನ್ಸಿಗೆ ಬಂದ ರೋಗ ಅದು ಅನ್ನುತ್ತಾರೆ. ನೆರಳಲ್ಲಿ ಸಾಗುತ್ತಿದ್ದ ದೋಣಿ ಇದ್ದಕ್ಕಿದ್ದ ಹಾಗೆ ಬಟ್ಟಬಯಲಿಗೆ ಬರುತ್ತದೆ. ಮಗಳು ಟೋಪಿ ಹುಡುಕಿಕೊಂಡು ಒಳಗೆ ಹೋದಳು.

ದೋಣಿಯ ಹಗ್ಗ ಉಜ್ಜಿ ತೊಗಟೆಗೆ ಗಾಯವಾದರೂ ರೋಗ ಹರಡಬಹುದು. ಅದಕ್ಕೇ ಮರಕ್ಕೆ ದೋಣಿ ಕಟ್ಟುವ ಹಾಗಿಲ್ಲ. ಸಂಜೆ ಬ್ರಾಂ ಹತ್ತಿರ ದಡಕ್ಕೆ ಹಾರಿ, ಕಬ್ಬಿಣದ ಗೂಟ ಹೊಡೆಯೋಕೆ ಜಾಗ ನೋಡಿದೆ. ಪಕ್ಕದಲ್ಲೇ ಹೊಸದಾಗಿ ನೆಟ್ಟ ಒಂದು ಗಿಡ, ಊರೆಗೋಲಿಗೆ ಕಟ್ಟಿದ್ದರು. ಅದರಿಂದ ನಾಲ್ಕು ಹೆಜ್ಜೆ ಆಚೆ ಹೋಗಿ ಸುತ್ತಿಗೆ ಎತ್ತಿದೆ.