ದೌಡೆ ನೋವು, ಫಿಸಿಯೋ, ಮಧ್ಯೆ ಮಂಡಕ್ಕಿ ಮಿರ್ಚಿ

ಕಿವಿ ತೂತಿನ ಮುಂದೆ ಎರಡೂ ಕಡೆ ಬೆರಳಿಟ್ಟು ನಿಧಾನಕ್ಕೆ ಬಾಯಿ ತೆಗೆದು ಮುಚ್ಚಿ ನೋಡ್ರಿ. ಒಳಗೆ ಗುಂಡಗಿರೋದು ಏನೋ ಜರುಗಿ ಮುಂದೆ ಬಂದು ಮತ್ತೆ ವಾಪಸ್ ಹೋಗತ್ತಲ್ಲ, ಅದೇ ದೌಡೆ ಕೀಲು, ಡಾಕ್ಟ್ರುಗಳ ಬಾಯಲ್ಲಿ ಟಿಎಂಜೆ. ನನಗೆ ಬಲಗಡೆದು ಕೈ ಕೊಟ್ಟಿತ್ತು. ಬೆಳಿಗ್ಗೆ ಎದ್ರೆ ದೌಡೆ ಬಿಗಿ, ಆಕಳಿಸಿದ್ರೆ ಟಕ್ ಅಂತ ಸೌಂಡು, ಸಂಜೆ ಹೊತ್ತಿಗೆ ಕೆನ್ನೆಯಿಂದ ಕಣತಲೆವರೆಗೂ ಸಿಡಿತ. ಮನೇಲಿ ಎಲ್ಲರೂ ಸೇರಿ ಕಿವಿ ನೋವು ಅಂತ ತೀರ್ಮಾನ ಮಾಡಿ ಬೆಳ್ಳುಳ್ಳಿ ಎಣ್ಣೆ ಕಾಯಿಸೋಕೆ ಇಟ್ರು. ಕಿವಿ ಡಾಕ್ಟ್ರು ಲೈಟ್ ಹಾಕಿ ನೋಡಿ, ಕಿವಿ ಕ್ಲೀನ್ ಇದೆ, ಹಲ್ಲಿನವರ ಹತ್ರ ಹೋಗಿ ಅಂದ್ರು. ಇದು ಎಷ್ಟೋ ಜನರ ಕಥೆ ಅಂತ ಆಮೇಲೆ ಗೊತ್ತಾಯ್ತು, ಕೀಲು ಕಿವಿಗೆ ಅಂಟ್ಕೊಂಡೇ ಇರೋದ್ರಿಂದ ನೋವು ಎಲ್ಲಿಂದ ಏಳ್ತಿದೆ ಅಂತ ಅನುಭವಿಸೋರಿಗೇ ತಿಳಿಯಲ್ಲ.

ದಾವಣಗೆರೆಯಲ್ಲಿ ಬಾಯಿ ತೋರ್ಸೋಕೆ ಬರ ಇಲ್ಲ ಬಿಡ್ರಿ, ಎರಡು ಡೆಂಟಲ್ ಕಾಲೇಜ್ ಇರೋ ಊರು. ಹಲ್ಲಿನ ಡಾಕ್ಟ್ರು ಕೇಳಿದ ಮೊದಲನೇ ಪ್ರಶ್ನೆ, ಅಡಿಕೆ ಗುಟ್ಕಾ ಏನಾದ್ರೂ ಇದೆಯಾ ಅಂತ. ಚನ್ನಗಿರಿ ಕಡೆ ತೋಟಗಳ ಪಕ್ಕದಲ್ಲೇ ಇದ್ದೀವಿ, ಕೇಳದೇ ಇರ್ತಾರಾ. ಅದಕ್ಕೆ ಕಾರಣಾನೂ ಇದೆ, ಅಡಿಕೆ ಅಗಿಯೋರಿಗೆ ಕೆನ್ನೆ ಒಳಗಿನ ಪದರ ಗಟ್ಟಿಯಾಗ್ತಾ ಆಗ್ತಾ ಬಾಯಿ ತೆಗೆಯೋಕೇ ಬರದ ಹಾಗಾಗತ್ತೆ, ಖಾರ ತಿಂದ್ರೆ ಉರಿ, ಮುಂದೆ ಕ್ಯಾನ್ಸರ್‌ಗೂ ತಿರುಗಬಹುದು. ಅದು ಬೇರೆ ಕಾಯಿಲೆ, ಅಲ್ಲಿ ಅಡಿಕೆ ಬಿಡೋದೇ ಮೊದಲನೇ ಔಷಧಿ. ಹಂಗಾಗಿ ಬಾಯಿ ಸರಿಯಾಗಿ ತೆರೀತಿಲ್ಲ ಅಂದ ತಕ್ಷಣ ಯೂಟ್ಯೂಬ್ ನೋಡಿ ಎಕ್ಸರ್‌ಸೈಜ್ ಶುರು ಮಾಡಬೇಡಿ, ಮೊದಲು ಒಳಗಡೆ ಒಬ್ರು ನೋಡಲಿ. ನಮ್ಮದೇ ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಮುಂದಿನ ಹಲ್ಲುಗಳ ಮಧ್ಯೆ ಹಿಡಿಸಿದ್ರೆ ಹೆಚ್ಚು ಕಮ್ಮಿ ಸರಿ ಇದೆ ಅಂತ ಲೆಕ್ಕ, ಅಂದ್ರೆ ಸುಮಾರು 40 ಮಿಲಿಮೀಟರ್. ನನಗೆ ಎರಡು ಬೆರಳಿಗೇ ನೋವು ಬರ್ತಿತ್ತು.

ಹಲ್ಲಲ್ಲಿ ಹುಳುಕು ಇರಲಿಲ್ಲ. ಡಾಕ್ಟ್ರು ಕೆನ್ನೆ ಒತ್ತಿದ್ರು, ಜೀವ ಹೋದ ಹಾಗಾಯ್ತು. ಮಾಂಸಖಂಡದ್ದು ಜಾಸ್ತಿ, ಕೀಲಿಂದು ಸ್ವಲ್ಪ, ಫಿಸಿಯೋ ಹತ್ರ ಹೋಗಿ ಅಂದ್ರು. ಮಂಡಿಗೆ ಸೊಂಟಕ್ಕೆ ಫಿಸಿಯೋ ಕೇಳಿದ್ದೆ, ದೌಡೆಗೂ ಇರತ್ತೆ ಅಂತ ನಮ್ಮನೇಲಿ ಯಾರಿಗೂ ಗೊತ್ತಿರಲಿಲ್ಲ.

ಅಲ್ಲಿ ಕೂತ್ಕೊಂಡ ತಕ್ಷಣ ಫಿಸಿಯೋ ಮೇಡಂ ಮಾಡಿದ್ದು ಇಷ್ಟೇ, ಎದುರಿಗೆ ಕನ್ನಡಿ ಹಿಡಿದು ಬಾಯಿ ತೆಗೀರಿ ಅಂದ್ರು. ನೋಡಿದ್ರೆ ಗಲ್ಲ ನೇರ ಕೆಳಗೆ ಬರ್ತಾನೇ ಇಲ್ಲ, ಬಲಕ್ಕೆ ಸೊಟ್ಟಕ್ಕೆ ಹೋಗಿ, ಟಕ್ ಅಂದ ಮೇಲೆ ಮಧ್ಯಕ್ಕೆ ಬರ್ತಿತ್ತು. ಇಷ್ಟು ವರ್ಷ ದಿನಾ ಕನ್ನಡಿ ಮುಂದೆ ನಿಂತು ಹಲ್ಲುಜ್ಜಿದ್ದೀನಿ, ಒಂದು ಸಲಾನೂ ಗಮನಿಸಿಲ್ಲ ನೋಡ್ರಿ. ಈ ಕೀಲು ಮೊದಲು ಬಾಗಿಲ ತಿರುಗಣಿ ಥರ ತಿರುಗತ್ತೆ, ಆಮೇಲೆ ಮುಂದಕ್ಕೆ ಜಾರತ್ತೆ, ಎರಡು ಮೂಳೆ ಮಧ್ಯೆ ಮೆತ್ತಗಿನ ಒಂದು ಡಿಸ್ಕ್ ಇರತ್ತೆ, ಅದು ಮುಂದೆ ಸರಿದಿದ್ರೆ ಬಾಯಿ ತೆಗೆಯುವಾಗ ಮೂಳೆ ಅದರ ಕೆಳಗೆ ವಾಪಸ್ ಸೇರ್ಕೊಳ್ಳೋದೇ ಆ ಟಕ್ ಅನ್ನೋ ಸೌಂಡು. ನೋವಿಲ್ಲದೆ ಬರೀ ಸೌಂಡ್ ಇದ್ರೆ ಟ್ರೀಟ್‌ಮೆಂಟೇ ಬೇಡ ಅಂದ್ರು, ಎಷ್ಟೋ ಜನಕ್ಕೆ ಇರತ್ತಂತೆ.

ಆಮೇಲೆ ಗ್ಲೌಸ್ ಹಾಕ್ಕೊಂಡು ಒಂದು ಬೆರಳು ಕೆನ್ನೆ ಒಳಗೆ, ಹೆಬ್ಬೆರಳು ಹೊರಗೆ ಇಟ್ಟು ಅಗಿಯೋ ಸ್ನಾಯುನ ಹಿಡಿದು ನಿಧಾನಕ್ಕೆ ನೀವಿದ್ರು. ಕಣ್ಣಲ್ಲಿ ನೀರು ಬಂತು, ಆದ್ರೆ ಎದ್ದಾಗ ಮುಖ ಹಗುರ. ಅವರು ಕೇಳಿದ ಒಂದು ಪ್ರಶ್ನೆ ಮಾತ್ರ ಇವತ್ತಿಗೂ ತಲೇಲಿದೆ, ಈಗ ನಿಮ್ಮ ಮೇಲಿನ ಹಲ್ಲು ಕೆಳಗಿನ ಹಲ್ಲು ತಾಗ್ತಿದೆಯಾ? ತಾಗ್ತಿತ್ತು. ತಾಗಬಾರದಂತೆ! ಊಟ ಅಗಿಯುವಾಗ, ಎಂಜಲು ನುಂಗುವಾಗ ಬಿಟ್ರೆ ಇಡೀ ದಿನ ತುಟಿ ಮುಚ್ಚಿರಬೇಕು ಹಲ್ಲು ಬಿಟ್ಟಿರಬೇಕು, ನಾಲಿಗೆ ತುದಿ ಮೇಲಿನ ಹಲ್ಲಿನ ಹಿಂದೆ ಅಂಗುಳಕ್ಕೆ ಮೆತ್ತಗೆ ಒರಗಿರಬೇಕು. ಎಲ್ಲಿಡೋದು ಅಂತ ಗೊತ್ತಾಗದೇ ಇದ್ರೆ ಒಂದ್ಸಲ ಲೊಚ್ ಅಂತ ಲೊಚಗುಟ್ಟಿ, ನಾಲಿಗೆ ಎಲ್ಲಿ ಅಂಟಿತ್ತೋ ಅದೇ ಜಾಗ.

ನಾನು ಟ್ಯಾಕ್ಸ್ ಆಫೀಸಲ್ಲಿ ಕೆಲಸ ಮಾಡೋದು, ತಿಂಗಳ 20ನೇ ತಾರೀಖು ಜಿಎಸ್‌ಟಿಆರ್ 3ಬಿ ಅನ್ನೋ ಜಿಎಸ್‌ಟಿ ರಿಟರ್ನ್ ಹಾಕೋಕೆ ಕೊನೇ ದಿನ ಅಂದ್ರೆ ಪೋರ್ಟಲ್ ಸುತ್ತುತ್ತಾ ಇರತ್ತೆ, ಪಾರ್ಟಿ ಫೋನ್ ಮಾಡ್ತಾ ಇರ್ತಾನೆ, ನಾನು ಹಲ್ಲು ಕಚ್ಕೊಂಡು ಸ್ಕ್ರೀನ್ ಕಡೆ ಕತ್ತು ಚಾಚಿ ಕೂತಿರ್ತೀನಿ. ಈ ಕತ್ತು ಚಾಚೋದೂ ದೌಡೆಗೆ ಕೆಡುಕೇ, ಅದಕ್ಕೇ ಫಿಸಿಯೋದಲ್ಲಿ ಅರ್ಧ ಎಕ್ಸರ್‌ಸೈಜ್ ಕತ್ತು ಭುಜಕ್ಕೆ ಇರತ್ತೆ. ಮಾನಿಟರ್ ಮೂಲೇಲಿ ಒಂದು ಕೆಂಪು ಬಿಂದಿ ಅಂಟಿಸಿದ್ದೀನಿ, ಕಣ್ಣಿಗೆ ಬಿದ್ದಾಗೆಲ್ಲ ಹಲ್ಲು ಬಿಡೋದು ಅಂತ ಲೆಕ್ಕ. ಆಫೀಸಲ್ಲಿ ಏನು ವ್ರತಾನಾ ಅಂತ ಕೇಳ್ತಾರೆ.

ಎಕ್ಸರ್‌ಸೈಜ್ ಅಂದ್ರೆ ಬೆವರು ಬರೋ ಥರದ್ದಲ್ಲ. ನಾಲಿಗೆನ ಅಂಗುಳಕ್ಕೆ ಅಂಟಿಸಿಟ್ಟು, ಅದು ಬಿಡದ ಹಾಗೆ ಎಷ್ಟಾಗತ್ತೋ ಅಷ್ಟೇ ಬಾಯಿ ತೆಗೆಯೋದು, ಗಲ್ಲ ಸೊಟ್ಟಕ್ಕೆ ಹೋಗ್ತಿದೆಯಾ ಅಂತ ಕನ್ನಡೀಲಿ ನೋಡೋದು. ಗಲ್ಲಕ್ಕೆ ಎರಡು ಬೆರಳಿಟ್ಟು ಮೆತ್ತಗೆ ತಳ್ಳಿದಾಗ ದೌಡೆ ಅಲ್ಲಾಡದ ಹಾಗೆ ತಡೆಯೋದು. ಗಲ್ಲನ ಹಿಂದಕ್ಕೆ ಎಳೆದು ಕತ್ತು ನೆಟ್ಟಗೆ ಮಾಡೋದು. ಚಿಲಿ ದೇಶದ ಮರಿಯಾನೊ ರೊಕಬಾಡೊ ಅನ್ನೋ ಫಿಸಿಯೋಥೆರಪಿಸ್ಟ್ ಮಾಡಿದ ಪದ್ಧತೀಲಿ ಆರು ಎಕ್ಸರ್‌ಸೈಜು, ಒಂದೊಂದು ಆರು ಸಲ, ದಿನಕ್ಕೆ ಆರು ಹೊತ್ತು. ಕೇಳೋಕೆ ಸುಲಭ, ಮಾಡೋಕೆ ಮಹಾ ಬೋರು. ಜೋರು ಮಾಡಿ ಬಾಯಿ ಹಿಗ್ಗಿಸಿದ್ರೆ ಬೇಗ ವಾಸಿ ಆಗತ್ತೆ ಅನ್ನೋದು ಸುಳ್ಳು, ಮಾರನೇ ದಿನ ಇನ್ನೂ ಬಿಗೀತದೆ. ಬಿಸಿ ನೀರಲ್ಲಿ ಹಿಂಡಿದ ಟವೆಲ್ ಒಂದು 15 ನಿಮಿಷ ಕೆನ್ನೆಗಿಟ್ಟು ಆಮೇಲೆ ಶುರು ಮಾಡಿದ್ರೆ ಚೆನ್ನಾಗಿ ಬಗ್ಗತ್ತೆ.

ಈ ಮೇಡಂಗಿಂತ ಮೊದಲು ಇನ್ನೊಂದು ಕಡೆ ಫಿಸಿಯೋಗೆ ಹೋಗಿದ್ದೆ, ಹೆಸರು ಬೇಡ, ಅಲ್ಲಿ ಮಷಿನ್ ಅಂಟಿಸಿ ಫೋನ್ ನೋಡ್ತಾ ಕೂತ್ಕೊಳ್ಳೋರು. ಮಷಿನ್ ಕೆಟ್ಟದ್ದು ಅಂತಲ್ಲ, ಹಾಯ್ ಅನ್ಸತ್ತೆ, ಆದ್ರೆ ಮನೇಲಿ ಏನು ಮಾಡಬೇಕು ಅಂತ ಹೇಳಿಕೊಡದೇ ಇರೋ ಫಿಸಿಯೋಗೆ ದುಡ್ಡು ದಂಡ ಅಂತ ನನ್ನ ಅಭಿಪ್ರಾಯ. ಹಾಗೇ ಯಾರಾದ್ರೂ ಕಚ್ಚು, ಅಂದ್ರೆ ಮೇಲಿನ ಕೆಳಗಿನ ಹಲ್ಲು ಕೂಡೋ ರೀತಿ, ಸರಿ ಮಾಡ್ತೀವಿ ಅಂತ ಹಲ್ಲು ತೇಯೋಕೆ ಹೊರಟ್ರೆ ಇನ್ನೊಬ್ರನ್ನ ಕೇಳಿ, ತೇಯ್ದ ಹಲ್ಲು ವಾಪಸ್ ಬೆಳೆಯಲ್ಲ. ರಾತ್ರಿ ಹಲ್ಲು ಕಡಿಯೋರಿಗೆ ಹಾಕ್ಕೊಳ್ಳೋ ಪ್ಲೇಟ್ ಆದ್ರೆ ಬೇಡ ಅಂದಾಗ ತೆಗೆದಿಡಬಹುದು.

ಈಗ ಊಟದ ವಿಷಯ, ಇದೇ ಕಷ್ಟದ್ದು. ಕಟಕ್ ರೊಟ್ಟಿ ಬಂದ್, ಸುಟ್ಟ ಜೋಳದ ತೆನೆ ಬಂದ್, ಕಬ್ಬು ಬಂದ್. ಈ ಊರಲ್ಲಿದ್ದು ಸಂಜೆ ಮಂಡಕ್ಕಿ ಮಿರ್ಚಿ ಬಿಡೋದು ಹೇಗೆ ಹೇಳ್ರಿ? ಮಂಡಕ್ಕಿಗೆ ತೊಂದ್ರೆ ಇಲ್ಲ, ಒಗ್ಗರಣೆ ಬಿದ್ದ ಮೇಲೆ ಮೆತ್ತಗಾಗತ್ತೆ, ಮಿರ್ಚಿಗೆ ಬಾಯಿ ಅಗಲಿಸಬೇಕಲ್ಲ ಅದೇ ಪ್ರಾಬ್ಲಂ, ಮುರಿದು ಮುರಿದು ತಿಂತೀನಿ, ನೋಡೋರು ಪಥ್ಯ ಅಂದ್ಕೊಳ್ತಾರೆ. ಬೆಣ್ಣೆ ದೋಸೆ ಬೆಣ್ಣೆ ಥರಾನೇ ಇಳಿಯತ್ತೆ, ಅದಕ್ಕೆ ಫಿಸಿಯೋ ಮೇಡಂ ಕೂಡ ಬೇಡ ಅನ್ನಲಿಲ್ಲ. ಎಲ್ಲಕ್ಕಿಂತ ಬೆಸ್ಟು ಅಂದ್ರೆ ಮುದ್ದೆ. ಚಿತ್ರದುರ್ಗದ ಕಡೆ ನಮ್ಮ ಅತ್ತೆ ಮನೇಲಿ ಅಗಿದ್ರೇ ಬೈತಾರೆ, ಸಾರಲ್ಲಿ ಅದ್ದಿ ನುಂಗೋದಷ್ಟೇ, ದೌಡೆಗೆ ಪೂರ್ತಿ ರಜೆ.

ಈಗಲೂ ಟಕ್ ಅನ್ನತ್ತೆ, ನೋವು ಮಾತ್ರ 20ನೇ ತಾರೀಖಿನ ಆಸುಪಾಸು ಬಿಟ್ರೆ ಬರಲ್ಲ, ಮೂರು ಬೆರಳು ಹಿಡಿಸತ್ತೆ. ಬಾಯಿ ತೆರೆದಿದ್ದು ಮುಚ್ಚೋಕಾಗದೇ ಇದ್ರೆ, ಮುಚ್ಚಿದ್ದು ತೆರೀದೇ ಹೋದ್ರೆ, ಊತ ಜ್ವರ ಬಂದ್ರೆ ಎಕ್ಸರ್‌ಸೈಜ್ ಬಿಟ್ಟು ಡಾಕ್ಟ್ರ ಹತ್ರ ಓಡಿ. ದೌಡೆ ನೋವಿನ ಜೊತೆ ಎದೆ ಬಿಗಿತ, ಬೆವರು ಇದ್ರೆ ಅದು ಹಾರ್ಟಿಂದು ಇರಬಹುದು, ಸೀದಾ ಎಮರ್ಜೆನ್ಸಿಗೆ. ವಯಸ್ಸಾದವರಿಗೆ ಕಣತಲೆ ನೋವು, ಕಣ್ಣು ಮಂಜು ಜೊತೆಗಿದ್ರೂ ತಡ ಮಾಡಬೇಡಿ.

ಆಕಳಿಕೆ ಬಂದಾಗ ಗಲ್ಲದ ಕೆಳಗೆ ಮುಷ್ಟಿ ಕೊಟ್ಟು ನಾಲಿಗೆ ಮೇಲಕ್ಕೆ ಒತ್ತಿ. ರೂಟ್ ಕೆನಾಲ್ ಗೀಟ್ ಕೆನಾಲ್ ಇದ್ರೆ ಕುರ್ಚಿ ಮೇಲೆ ಮಲಗೋಕೆ ಮುಂಚೆನೇ ಹೇಳಿಬಿಡಿ, ನನಗೆ ದೌಡೆ ತೊಂದ್ರೆ ಇದೆ, ಮಧ್ಯೆ ಮಧ್ಯೆ ಬಾಯಿ ಮುಚ್ಚೋಕೆ ಬಿಡಿ ಅಂತ. ಬಾಯೊಳಗೆ ಡ್ರಿಲ್ ಹೋದ ಮೇಲೆ ಹೇಳೋಕೆ ಆಗಲ್ಲ.