ಅಕ್ಕಿ, ಅನ್ನ ಮತ್ತು ನನ್ನ ಪದಪಟ್ಟಿ

ಬೆಂಗಳೂರಿನಲ್ಲಿ ಸಂಜೆ ಹೊತ್ತು ಜಪಾನಿ ಭಾಷೆ ಕಲಿಸುತ್ತೇನೆ. ಬರುವವರಲ್ಲಿ ಹೆಚ್ಚಿನವರು ಎನ್‌5 ಪರೀಕ್ಷೆಗೆ, ಅಂದರೆ ಜಪಾನಿ ಭಾಷಾ ಪರೀಕ್ಷೆಯ ಮೊದಲ ಹಂತಕ್ಕೆ, ಓದುವವರು. ಮೊದಲೆಲ್ಲ ಪ್ರತಿ ಪಾಠಕ್ಕೂ ಒಂದು ಪದಪಟ್ಟಿ ಕೊಡುತ್ತಿದ್ದೆ. ಎಡಗಡೆ ಜಪಾನಿ, ಬಲಗಡೆ ಇಂಗ್ಲಿಷ್. ಎಲ್ಲರೂ ಬಾಯಿಪಾಠ ಮಾಡಿ ಟೆಸ್ಟಿನಲ್ಲಿ ಪೂರ್ತಿ ಅಂಕ ತೆಗೆಯುತ್ತಿದ್ದರು.

ಒಂದು ದಿನ ಅಂಗಡಿಯ ಮಾತುಕತೆ ಆಡಿಸುತ್ತಿದ್ದೆ. ಹುಡುಗಿಯೊಬ್ಬಳು ಐದು ಕೆ.ಜಿ. 'ಗೋಹನ್' ಕೇಳಿದಳು. ಗೋಹನ್ ಅಂದರೆ ಬೆಂದ ಅನ್ನ. ಅಕ್ಕಿಗೆ 'ಕೊಮೆ' ಅನ್ನಬೇಕು. ನನ್ನ ಪಟ್ಟಿ ತೆಗೆದು ನೋಡಿದೆ. ಎರಡರ ಮುಂದೆಯೂ 'ರೈಸ್' ಅಂತಲೇ ಇತ್ತು! ತಪ್ಪು ಅವಳದಲ್ಲ, ಪಟ್ಟಿಯದು. ಅವಳ ಮನೆಯಲ್ಲಿ ಯಾರೂ ಅಂಗಡಿಗೆ ಹೋಗಿ ಅನ್ನ ತರುವುದಿಲ್ಲ, ಅಲ್ವಾ? ಅವಳಿಗೆ ಗೊತ್ತಿದ್ದ ವ್ಯತ್ಯಾಸವನ್ನು ನಾನೇ ಇಂಗ್ಲಿಷಿನಲ್ಲಿ ಅಳಿಸಿ ಕೊಟ್ಟಿದ್ದೆ.

ಅಂದು ರಾತ್ರಿ ಇಡೀ ಪಟ್ಟಿ ಹರಡಿಕೊಂಡು ಕೂತೆ. 'ಸಾಮುಯಿ', 'ತ್ಸುಮೆತಾಯಿ' ಎರಡಕ್ಕೂ 'ಕೋಲ್ಡ್' ಅಂತ ಬರೆದಿದ್ದೆ. ಸಾಮುಯಿ ನಮ್ಮ ಚಳಿ, ತ್ಸುಮೆತಾಯಿ ಮುಟ್ಟಿದರೆ ತಣ್ಣಗಿರುವುದು. 'ಅತ್ಸುಯಿ'ಯ ಕಥೆ ಇನ್ನೂ ಚೆನ್ನಾಗಿದೆ. ಕಿವಿಗೆ ಒಂದೇ ಪದ. ಬರೆಯುವಾಗ ಮಾತ್ರ ಸೆಕೆಗೆ ಒಂದು ಕಾಂಜಿ (ಚೀನಾ ಮೂಲದ ಚಿತ್ರಲಿಪಿ), ಬಿಸಿಗೆ ಇನ್ನೊಂದು. ಅಣ್ಣ, ತಮ್ಮ, ಅಕ್ಕ, ತಂಗಿಗೆ ನಮ್ಮಲ್ಲಿರುವಂತೆ ಜಪಾನಿಯಲ್ಲೂ ಬೇರೆ ಬೇರೆ ಪದಗಳಿವೆ: 'ಅನಿ', 'ಒತೋತೊ', 'ಅನೆ', 'ಇಮೋತೊ'. ಹಾಕಿಕೊಳ್ಳುವುದಕ್ಕೆ ಷರ್ಟಾದರೆ 'ಕಿರು', ಪ್ಯಾಂಟು, ಶೂ ಆದರೆ 'ಹಕು', ಟೋಪಿಯಾದರೆ 'ಕಬುರು' ಎಂದಾಗ ಮಕ್ಕಳು ಕಷ್ಟ ಅನ್ನುತ್ತಿದ್ದರು. ಸೀರೆ ಉಡುತ್ತೇವೆ, ಹೂ ಮುಡಿಯುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ ಎಂದು ನೆನಪಿಸಿದ ಮೇಲೆ ಅದು ವಿಚಿತ್ರ ಅನ್ನಿಸಲಿಲ್ಲ.

ಈಗ ಬಲಗಡೆಯ ಕಾಲಂ ಖಾಲಿ ಬಿಟ್ಟು ಕೊಡುತ್ತೇನೆ. ಅವರವರ ಮನೆಮಾತಿನಲ್ಲಿ ಅವರೇ ತುಂಬಬೇಕು, ಜೊತೆಗೆ ಒಂದು ವಾಕ್ಯ ಬರೆಯಬೇಕು. ತಮಿಳು ಹುಡುಗ 'ಅರಿಸಿ', 'ಸೋರು' ಅಂತ ಬರೆದ. ಸುಮ್ನೆ ಪದ ಉರುಹೊಡೆಯುವುದಕ್ಕಿಂತ ಇದಕ್ಕೆ ಸಮಯ ಜಾಸ್ತಿ ಬೇಕು. ವಾರಕ್ಕೆ ಕಲಿಸುವ ಪದಗಳನ್ನೂ ಕಡಿಮೆ ಮಾಡಿದ್ದೇನೆ.

ಕನ್ನಡವೂ ಕೆಲವು ಕಡೆ ದಾರಿ ತಪ್ಪಿಸುತ್ತದೆ. ನೀರಿಗೆ 'ಮಿಝು' ಎಂದು ಕಲಿತವರು ಬಿಸಿನೀರಿಗೆ 'ಅತ್ಸುಯಿ ಮಿಝು' ಎನ್ನುತ್ತಾರೆ. ಜಪಾನಿಯಲ್ಲಿ ಬಿಸಿನೀರಿಗೆ 'ಓಯು' ಎಂಬ ಬೇರೆಯೇ ಪದವಿದೆ. ಅದರ ಮುಂದೆ ಈಗ ಯಾವ ಭಾಷೆಯನ್ನೂ ಬರೆಸುವುದಿಲ್ಲ. ಹಬೆಯಾಡುವ ಒಂದು ಕೆಟಲ್ ಚಿತ್ರ ಬಿಡಿಸಲು ಹೇಳುತ್ತೇನೆ.