ಸ್ಕೀ ಮಾಡದವರನ್ನು ಮೊದಲು ವಿಚಾರಿಸುತ್ತೇನೆ

ಬಸವನಗುಡಿಯ ಪ್ರವಾಸ ಕಚೇರಿಯೊಂದರಲ್ಲಿ ಹಿಮದ ಊರುಗಳ ವಿಭಾಗ ನನ್ನದು. ವಾರ್ಷಿಕ ಪರೀಕ್ಷೆ ಹತ್ತಿರವಾಗುತ್ತಿದ್ದಂತೆ ಒಂದೇ ಬೇಡಿಕೆ ಬರತೊಡಗುತ್ತದೆ: "ಏಪ್ರಿಲ್ ರಜೆಯಲ್ಲಿ ಮಕ್ಕಳಿಗೆ ಸ್ಕೀಯಿಂಗ್ ಕಲಿಸಬೇಕು ಸಾರ್, ಎಲ್ಲಿಗೆ ಹೋಗೋಣ?"

ನಮ್ಮ ಶಾಲೆಗಳ ದೊಡ್ಡ ರಜೆ ಏಪ್ರಿಲ್–ಮೇ, ಚಿಕ್ಕದು ದಸರೆಗೆ. ಸ್ಕೀ ಕಲಿಯಲು ನೆಚ್ಚಬಹುದಾದ ಹಿಮ ಹಿಮಾಲಯದ ತಪ್ಪಲುಗಳಲ್ಲಿ ಸಿಗುವುದು ಮುಖ್ಯವಾಗಿ ಜನವರಿ, ಫೆಬ್ರುವರಿಗಳಲ್ಲಿ. ಕೃತಕ ಹಿಮದ ಯಂತ್ರ ಇದೆಯಲ್ಲ ಎಂದು ಕೇಳುವವರೂ ಇದ್ದಾರೆ. ಆ ಯಂತ್ರ ನೀರನ್ನು ಸಣ್ಣ ಹನಿಗಳಾಗಿ ಗಾಳಿಗೆ ಚಿಮ್ಮಿಸುತ್ತದೆ, ಅಷ್ಟೇ. ಹೆಪ್ಪುಗಟ್ಟಿಸಬೇಕಾದದ್ದು ಕೊರೆಯುವ ಒಣ ಚಳಿ. ಬೇಸಿಗೆಯಲ್ಲಿ ಅದನ್ನು ಎಲ್ಲಿಂದ ತರುವುದು?

ಆದ್ದರಿಂದ ನಾನು ಹಿಮದ ಮಾತು ಬದಿಗಿಟ್ಟು, ಸ್ಕೀ ಮಾಡದವರು ಯಾರ್‍ಯಾರು ಬರುತ್ತಾರೆ ಎಂದು ಮೊದಲು ವಿಚಾರಿಸುತ್ತೇನೆ. ಆರು ಜನರ ಕುಟುಂಬದಲ್ಲಿ ಸ್ಕೀ ಕಟ್ಟಿಕೊಳ್ಳುವವರು ಇಬ್ಬರೋ ಮೂವರೋ. ಗಟ್ಟಿ ಬೂಟು ತೊಟ್ಟ ಹೊಸಬರ ಕಾಲು ಕೆಲವೇ ಗಂಟೆಗಳಲ್ಲಿ ಸೋಲುತ್ತದೆ. ಉಳಿದ ಹೊತ್ತು ಏನು? ಮಂಡಿ ನೋವಿನ ಅಜ್ಜಿ, ಎರಡು ವರ್ಷದ ಮಗು, ಚಳಿಯೆಂದರೆ ಮುಖ ಸಿಂಡರಿಸುವ ಭಾವ, ಇವರ ದಿನ ಹೇಗೆ ಕಳೆಯಬೇಕು? ಪ್ರವಾಸ ಕೆಡುವುದು ಬಹುಪಾಲು ಇವರ ಬೇಸರದಿಂದಲೇ.

ಇದಕ್ಕೆ ಮಧ್ಯಮ ಗಾತ್ರದ ತಾಣಗಳೇ ನನಗೆ ಇಷ್ಟ. ಮನಾಲಿ ಬಳಿಯ ಸೋಲಂಗ್ ಕಣಿವೆ ನೋಡಿ. ಚಳಿಗಾಲದಲ್ಲಿ ಸ್ಕೀ ಜಾರುವ ಇಳಿಜಾರಿನಲ್ಲೇ ಬೇಸಿಗೆಗೆ ಪ್ಯಾರಾಗ್ಲೈಡಿಂಗ್, ದೊಡ್ಡ ಪ್ಲಾಸ್ಟಿಕ್ ಚೆಂಡಿನೊಳಗೆ ಕೂತು ಉರುಳುವ ಜೋರ್ಬಿಂಗ್, ಅಜ್ಜಿಗೆ ರೋಪ್‌ವೇ. ಮನೆಮಂದಿಯೆಲ್ಲ ಒಂದೇ ಬಯಲಿನಲ್ಲಿ ಒಬ್ಬರಿಗೊಬ್ಬರು ಕಾಣುತ್ತಿರುತ್ತಾರೆ. 2020ರ ಅಕ್ಟೋಬರಿನಲ್ಲಿ 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆದ ಮೇಲೆ ಸುರಂಗದಾಚೆಯ ಲಾಹೌಲ್ ಕಣಿವೆಯ ಸಿಸ್ಸು ಕಡೆ ಹೋಗಿಬರುವುದೂ ಸುಲಭವಾಗಿದೆ. ಏಪ್ರಿಲ್ ಆರಂಭದಲ್ಲಿ ಅಲ್ಲಿ ಹಿಮ ಮುಟ್ಟುವ, ಎರಚಾಡುವ ಅವಕಾಶ ಹೆಚ್ಚು. ಆದರೆ ಅದು ಹಿಮದಾಟ, ಸ್ಕೀ ಕಲಿಕೆಯಲ್ಲ. ಮುಂಗಡ ಪಡೆಯುವ ಮುನ್ನವೇ ಇದನ್ನು ಬಿಡಿಸಿ ಹೇಳುತ್ತೇನೆ. ಮುಚ್ಚಿಟ್ಟು ಮಾರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಎತ್ತರದ ವಿಷಯದಲ್ಲಂತೂ ರಾಜಿಯಿಲ್ಲ. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ, ಕಾಶ್ಮೀರದ ಸ್ಕೀ ತಾಣ ಗುಲ್ಮಾರ್ಗ್ 2,600ರ ಆಸುಪಾಸಿನಲ್ಲಿ. ಅಲ್ಲಿನ ಗೊಂಡೋಲಾ ಎಂಬ ರೋಪ್‌ವೇಯ ಎರಡನೇ ಹಂತ 3,900 ಮೀಟರ್ ದಾಟಿಸುತ್ತದೆ. ವಿಮಾನ ಇಳಿದ ದಿನವೇ ಅಲ್ಲಿಗೆ ಹತ್ತಿಸುವ ವೇಳಾಪಟ್ಟಿಯನ್ನು ಯಾರೇ ಬರೆದುಕೊಟ್ಟರೂ ನಾನು ಒಪ್ಪುವುದಿಲ್ಲ. ದೇಹ ತೆಳು ಗಾಳಿಗೆ ಹೊಂದಿಕೊಳ್ಳಲು ಕೆಳಗೆ ಒಂದು ರಾತ್ರಿ ತಂಗಲೇಬೇಕು. ಹಿರಿಯರಿಗೆ, ಪುಟ್ಟ ಮಕ್ಕಳಿಗೆ ಮೊದಲ ಹಂತದ ನಿಲ್ದಾಣ ಕೊಂಗಡೂರಿಯೇ ಸಾಕು.

ದಾರಿಯ ಸುದ್ದಿಯೂ ಹಳತಾಗಿರಬಾರದು. 2023ರ ಜನವರಿಯಲ್ಲಿ ಉತ್ತರಾಖಂಡದ ಜೋಶಿಮಠದ ನೆಲ ಕುಸಿದು, ಅಲ್ಲಿಂದ ಸ್ಕೀ ತಾಣ ಔಲಿಗೆ ಹೋಗುವ ರೋಪ್‌ವೇ ನಿಂತ ಮೇಲೂ ಹಳೆಯ ಕರಪತ್ರಗಳಲ್ಲಿ ಅದರ ಚಿತ್ರ ಮೆರೆಯುತ್ತಿತ್ತು. ಹಿಮಾಚಲದಲ್ಲಿ ಮಳೆಗಾಲಕ್ಕೆಂದು ಜುಲೈ 15ರಿಂದ ಸೆಪ್ಟೆಂಬರ್ 15ರವರೆಗೆ ಪ್ಯಾರಾಗ್ಲೈಡಿಂಗ್ ನಿಲ್ಲಿಸುತ್ತಾರೆ. ಆ ದಿನಗಳಿಗೆ ಕೇಳಿದವರಿಗೆ ದಸರೆಯ ರಜೆ ತೋರಿಸುತ್ತೇನೆ.

ಸ್ಕೀ ಕಲಿಯಲೇಬೇಕೆಂಬ ಹಟ ಇರುವ ಮಕ್ಕಳ ತಂದೆತಾಯಿಗೆ ನನ್ನ ಸಲಹೆ ಬೇರೆ: ಸಂಕ್ರಾಂತಿ ಮುಗಿದೊಡನೆ ಶಾಲೆಗೆ ಒಂದು ವಾರ ರಜೆ ಕೇಳಿ, ಶಿಕ್ಷಕರೊಬ್ಬರನ್ನು ಮೊದಲೇ ಗೊತ್ತುಮಾಡಿಕೊಂಡು ಗುಲ್ಮಾರ್ಗ್‌ಗೆ ಹೋಗಿ.